‘ಬಿಲ್ ಪಾಸಾಯ್ತಂತೆ’ ಅಂದಾಗ ಎಲ್ಲಿ ನೋಡಬೇಕು?

ಪ್ರಶ್ನೆ: ಮೇಡಂ, ನಾನು ಟೆಕ್ಸಾಸ್‌ನ ಪ್ಲೇನೋದಲ್ಲಿ ಎಚ್-1ಬಿ ಉದ್ಯೋಗ ವೀಸಾ ಮೇಲೆ ಕೆಲಸ ಮಾಡ್ತಿದ್ದೇನೆ. ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತು ಹತ್ತು ವರ್ಷ ಆಯ್ತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಎಚ್.ಆರ್. 1044 ಪಾಸಾಯ್ತು, ದೇಶವಾರು ಮಿತಿ ಹೋಯ್ತು’ ಅಂತ ಸ್ಕ್ರೀನ್‌ಶಾಟ್ ಬಂತು. ಅದು ಮೈಸೂರಿಗೂ ಮುಟ್ಟಿ, ಅಮ್ಮ ಫೋನ್ ಮಾಡಿ ‘ಏನೋ, ಕಾನೂನು ಪಾಸಾಯ್ತಂತಲ್ಲೋ, ನಿಂಗೆ ಯಾವಾಗ ಬರುತ್ತೆ?’ ಅಂದರು. ನಾನು ಸರ್ಕಾರದ ವೆಬ್‌ಸೈಟಿಗೆ ಹೋಗಿ ಆ ನಂಬರ್ ಹಾಕಿದರೆ ಸಂಬಂಧವೇ ಇಲ್ಲದ ಬಿಲ್ ಬಂತು. ಒಂದು ಬಿಲ್ ಎಲ್ಲಿದೆ, ಏನಾಯ್ತು ಅಂತ ವಕೀಲರನ್ನು ಕೇಳದೆ ನಾವೇ ನೋಡೋದು ಹೇಗೆ?

ಉತ್ತರ: ಮೊದಲು ಅಮ್ಮನಿಗೆ ಫೋನ್ ಮಾಡಿ ಹೇಳಿಬಿಡಿ, ಕಾನೂನು ಬದಲಾಗಿಲ್ಲ ಅಂತ. ನಿಮಗೆ ಬಂದ ಸ್ಕ್ರೀನ್‌ಶಾಟ್ ಸುಳ್ಳೇನಲ್ಲ, ಹಳೇದು ಅಷ್ಟೇ. ಎಚ್.ಆರ್. 1044 ಅನ್ನುವ ಮಸೂದೆ 2019ರ ಜುಲೈ 10ರಂದು ಹೌಸ್‌ನಲ್ಲಿ, ಅಂದರೆ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ, 365–65 ಮತಗಳಿಂದ ಪಾಸಾಗಿದ್ದು ನಿಜ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡಿಗೆ ಒಂದು ದೇಶಕ್ಕೆ ಶೇ 7 ಅನ್ನುವ ಮಿತಿಯನ್ನು ತೆಗೆದುಹಾಕಬೇಕು ಅಂತ ಅದರಲ್ಲಿತ್ತು. ಆಗಿನ ಸುದ್ದಿಯ ಚಿತ್ರ ಇವತ್ತಿಗೂ ಗುಂಪಿಂದ ಗುಂಪಿಗೆ ಓಡಾಡುತ್ತಿದೆ. ಓಡಾಡುವಾಗ ತಾರೀಕು ಎಲ್ಲೋ ಉದುರಿಹೋಗಿದೆ.

ನಿಮಗೆ ಬೇರೆ ಬಿಲ್ ಕಾಣಿಸಿದ್ದಕ್ಕೂ ಕಾರಣ ಇದೆ. ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಅಂತ ಹೆಸರು, ಒಂದು ಕಾಂಗ್ರೆಸ್ಸಿನ ಆಯಸ್ಸು ಎರಡೇ ವರ್ಷ. ಬೆಸ ವರ್ಷದ ಜನವರಿ 3ಕ್ಕೆ ಶುರುವಾಗಿ, ಮುಂದಿನ ಬೆಸ ವರ್ಷದ ಜನವರಿ 3ಕ್ಕೆ ಮುಗಿಯುತ್ತದೆ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇದೆ. 2019ರಲ್ಲಿ ಕೂತದ್ದು 116ನೇ ಕಾಂಗ್ರೆಸ್, 2025ರಲ್ಲಿ ಕೂತದ್ದು 119ನೇದು. ಹೊಸದು ಕೂತ ಕೂಡಲೇ ಬಿಲ್ಲುಗಳ ಎಣಿಕೆ ಮತ್ತೆ ಒಂದರಿಂದ ಶುರು. ಹಾಗಾಗಿ 1044 ಅಂತ ಬರೀ ಬಿಲ್ ನಂಬರ್ ಹೇಳೋದು, ಮೇನ್ ಯಾವುದು ಕ್ರಾಸ್ ಯಾವುದು ಹೇಳದೆ ಬರೀ ಮನೆ ನಂಬರ್ ಕೊಟ್ಟ ಹಾಗೆ. ಬೆಂಗಳೂರಲ್ಲಿ ಅಂಥ ವಿಳಾಸ ಹಿಡಿದು ಅಲೆದವರಿಗೆ ಇದರ ಕಷ್ಟ ಗೊತ್ತು.

ಕಾಂಗ್ರೆಸ್ ಮುಗಿದ ದಿನ, ಕಾನೂನಾಗದೆ ಉಳಿದ ಬಿಲ್ಲೆಲ್ಲ ಸತ್ತುಹೋಗುತ್ತದೆ. ಭಾರತದಲ್ಲಿ ಲೋಕಸಭೆ ವಿಸರ್ಜನೆಯಾದರೂ, ರಾಜ್ಯಸಭೆಯಲ್ಲಿ ಮಂಡನೆಯಾಗಿ ಅಲ್ಲೇ ಉಳಿದ ಮಸೂದೆ ಬದುಕಿರುತ್ತದೆ. ಇಲ್ಲಿ ಆ ರಿಯಾಯಿತಿ ಇಲ್ಲ. ಒಂದು ಮನೆಯಲ್ಲಿ ಭರ್ಜರಿ ಬಹುಮತದಿಂದ ಪಾಸಾಗಿದ್ದರೂ ಅಷ್ಟೇ, ಮತ್ತೆ ಹೊಸ ನಂಬರ್ ಪಡೆದು ಮೊದಲಿಂದ ಶುರು ಮಾಡಬೇಕು. ಇದೇ ಶೇ 7ರ ವಿಷಯ ನೋಡಿ. 2011ರ ನವೆಂಬರ್ 29ರಂದು ಎಚ್.ಆರ್. 3012 ಅಂತ ಒಂದು ಬಿಲ್ ಹೌಸ್‌ನಲ್ಲಿ 389–15ರಿಂದ ಪಾಸಾಯ್ತು. ಸೆನೆಟ್‌ನಲ್ಲಿ, ಅಂದರೆ ಮೇಲ್ಮನೆಯಲ್ಲಿ, ಕೂತುಬಿಟ್ಟಿತು, ಕಾಂಗ್ರೆಸ್ ಮುಗಿಯಿತು, ಕಥೆಯೂ ಮುಗಿಯಿತು.

ಭಾರತದಿಂದ ಬಂದ ನಮಗೆ ಇನ್ನೊಂದು ತೊಡಕಿದೆ. ‘ಮಸೂದೆ ಮಂಡನೆ’ ಅಂತ ಪತ್ರಿಕೆಯಲ್ಲಿ ಓದಿದರೆ ನಮ್ಮ ಮನಸ್ಸು ಅದನ್ನು ಅರ್ಧ ಕಾನೂನು ಅಂತಲೇ ಲೆಕ್ಕ ಹಾಕುತ್ತದೆ. ಅಲ್ಲಿ ಮುಖ್ಯ ಮಸೂದೆಗಳನ್ನು ತರೋದು ಮಂತ್ರಿಗಳು, ಸಾಮಾನ್ಯವಾಗಿ ಬಹುಮತ ಅವರ ಜೇಬಲ್ಲೇ ಇರುತ್ತದೆ. ಇಲ್ಲಿ ಮಂತ್ರಿಗಳಿಗೆ ಸದನದಲ್ಲಿ ಸೀಟೇ ಇಲ್ಲ. ಯಾವ ಸದಸ್ಯರು ಬೇಕಾದರೂ ಯಾವ ಬಿಲ್ ಬೇಕಾದರೂ ತರಬಹುದು. ಈಚಿನ ಕಾಂಗ್ರೆಸ್ಸುಗಳಲ್ಲಿ ಎರಡು ವರ್ಷಕ್ಕೆ ಹತ್ತು ಸಾವಿರಕ್ಕಿಂತ ಜಾಸ್ತಿ ಬಿಲ್ ಬರುತ್ತವೆ, ಕಾನೂನಾಗೋದು ಕೆಲವು ನೂರು. ‘ಎಚ್-1ಬಿ ರದ್ದು ಮಾಡುವ ಬಿಲ್ ಮಂಡನೆ’ ಅಂತ ಕನ್ನಡ ಚಾನೆಲ್‌ನಲ್ಲಿ ಬ್ರೇಕಿಂಗ್ ನ್ಯೂಸ್ ಬಂದರೆ ಅಳಬೇಡಿ, ಗ್ರೀನ್ ಕಾರ್ಡ್ ಹೆಚ್ಚಿಸುವ ಬಿಲ್ ಅಂತ ಬಂದರೆ ಸಿಹಿ ಹಂಚಬೇಡಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಗುತ್ತದೆ.

ಈಗ ನೋಡುವ ಜಾಗಕ್ಕೆ ಬರೋಣ. ಕಾಂಗ್ರೆಸ್ ಡಾಟ್ ಗವ್. ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ತಾಣ, ಪೂರ್ತಿ ಉಚಿತ. ಇದಕ್ಕೆ ಮುಂಚೆ 1995ರಿಂದ ಥಾಮಸ್ ಅಂತ ಇತ್ತು, ಥಾಮಸ್ ಜೆಫರ್ಸನ್ ಹೆಸರು. ಅದನ್ನು 2016ರಲ್ಲಿ ಮುಚ್ಚಿದರು. ನಮ್ಮಂಥ ಹಳೇ ಲೈಬ್ರರಿಯವರ ಬಾಯಲ್ಲಿ ಈಗಲೂ ಒಮ್ಮೊಮ್ಮೆ ‘ಥಾಮಸ್‌ನಲ್ಲಿ ನೋಡಿ’ ಅಂತಲೇ ಬರುತ್ತದೆ. ಹುಡುಕುವ ಪೆಟ್ಟಿಗೆಯ ಪಕ್ಕ ಕಾಂಗ್ರೆಸ್ ಆರಿಸುವ ಜಾಗ ಇದೆ. ಏನೂ ಮುಟ್ಟದಿದ್ದರೆ ಸಾಮಾನ್ಯವಾಗಿ ಈಗಿನ ಕಾಂಗ್ರೆಸ್ಸಿನಲ್ಲಿ ಮಾತ್ರ ಹುಡುಕುತ್ತದೆ. ನೀವು ಸಿಕ್ಕಿಬಿದ್ದದ್ದು ಇಲ್ಲೇ. 116 ಅಂತ ಆರಿಸಿ 1044 ಹಾಕಿ, ನಿಮ್ಮ ಬಿಲ್ ಸಿಗುತ್ತದೆ.

ಪುಟ ತೆರೆದರೆ ಮೇಲೆ ಒಂದು ಪಟ್ಟಿ ಕಾಣುತ್ತದೆ. ಇಂಟ್ರೊಡ್ಯೂಸ್ಡ್, ಪಾಸ್ಡ್ ಹೌಸ್, ಹೀಗೆ ಒಂದೊಂದೇ ಬಾಣ. ಎರಡೂ ಮನೆ ದಾಟಿದರೆ ಅಧ್ಯಕ್ಷರಿಗೆ, ಸಹಿಯಾದರೆ ‘ಬಿಕೇಮ್ ಲಾ’. ಬಣ್ಣ ತುಂಬಿದ ಬಾಣ ಎಲ್ಲಿ ನಿಂತಿದೆಯೋ ಬಿಲ್ ಅಲ್ಲಿದೆ. 1044ರಲ್ಲಿ ಅದು ‘ಪಾಸ್ಡ್ ಹೌಸ್’ನಲ್ಲೇ ನಿಂತಿದೆ, ಇನ್ನು ಯಾವತ್ತೂ ಮುಂದೆ ಹೋಗಲ್ಲ. ಬಿಲ್ ಸತ್ತಿದೆ ಅಂತ ತಾಣ ಎಲ್ಲೂ ಬರೆಯುವುದಿಲ್ಲ ನೋಡಿ. ಕೆಂಪು ಮಸಿಯಲ್ಲಿ ಅಡ್ಡಗೆರೆ ಹಾಕಿರಲ್ಲ. 116ನೇ ಕಾಂಗ್ರೆಸ್ ಅಂತ ಓದಿ ನಾವೇ ಅರ್ಥ ಮಾಡಿಕೊಳ್ಳಬೇಕು.

ಆದರೆ ಬಾಣ ನೋಡಿ ನಿಲ್ಲಿಸಬೇಡಿ. ಕೆಳಗೆ ‘ಆ್ಯಕ್ಷನ್ಸ್’ ಅನ್ನುವ ಟ್ಯಾಬ್ ಇದೆ. ನಾನು ಯಾವ ಬಿಲ್ ತೆರೆದರೂ ಮೊದಲು ಹೋಗೋದು ಅಲ್ಲಿಗೆ. ಬಿಲ್ಲಿನ ದಿನಚರಿ ಅದು. ಭಾಷೆ ಮಾತ್ರ ನಮ್ಮ ತಾಲ್ಲೂಕು ಕಚೇರಿ ಕಡತದ ಷರಾ ಇದ್ದ ಹಾಗೆ, ಒಳಗಿನವರಿಗೆ ಮಾತ್ರ ಅರ್ಥವಾಗುವಂಥದ್ದು. ‘ರೆಫರ್ಡ್ ಟು ದ ಕಮಿಟಿ ಆನ್ ದ ಜುಡಿಷಿಯರಿ’ ಅಂದರೆ ಸಮಿತಿಗೆ ಹೋಯ್ತು. ವಲಸೆಗೆ ಸಂಬಂಧಿಸಿದ ಬಹುಪಾಲು ಬಿಲ್ಲುಗಳ ದಿನಚರಿಯಲ್ಲಿ ಇದೇ ಕೊನೆಯ ಸಾಲು. ಸೆನೆಟ್ ಬಿಲ್ ಆದರೆ ‘ರೆಡ್ ಟ್ವೈಸ್ ಆ್ಯಂಡ್ ರೆಫರ್ಡ್’ ಅಂತ ಇರುತ್ತದೆ. ‘ಎರಡು ಸಲ ಓದಿದರಂತೆ ಮೇಡಂ, ಸೀರಿಯಸ್ಸಾಗಿದ್ದಾರೆ’ ಅಂತ ಒಬ್ಬರು ನನಗೆ ಖುಷಿಯಿಂದ ಹೇಳಿದ್ದರು. ಪಾಪ. ಅದು ಬರೀ ಶಾಸ್ತ್ರ, ಸೆನೆಟ್‌ಗೆ ಬಂದ ಮೊದಲ ದಿನವೇ ಮುಗಿದುಹೋಗುತ್ತದೆ. ‘ಆರ್ಡರ್ಡ್ ಟು ಬಿ ರಿಪೋರ್ಟೆಡ್’ ಅಂತ ಕಂಡರೆ ಸ್ವಲ್ಪ ಕಿವಿ ನಿಮಿರಿಸಿ. ಸಮಿತಿ ಕೂತು, ಚರ್ಚಿಸಿ, ಮತ ಹಾಕಿ ಹೊರಗೆ ಕಳಿಸಿದೆ ಅಂತ ಅರ್ಥ. ‘ಪ್ಲೇಸ್ಡ್ ಆನ್ ದ ಯೂನಿಯನ್ ಕ್ಯಾಲೆಂಡರ್’ ಅಂದರೆ ತಾರೀಕು ಗೊತ್ತಾಯ್ತು ಅಂತ ಜನ ತಿಳಿಯುತ್ತಾರೆ. ಅದು ಮುಹೂರ್ತದ ಕ್ಯಾಲೆಂಡರ್ ಅಲ್ಲ, ಕಾಯುವವರ ಪಟ್ಟಿ. ‘ಹೆಲ್ಡ್ ಅಟ್ ದ ಡೆಸ್ಕ್’ ಅಂದರೆ ಆ ಮನೆಯಿಂದ ಈ ಮನೆಗೆ ಬಂತು, ಮೇಜಿನ ಮೇಲಿದೆ, ಯಾರೂ ಎತ್ತಿಕೊಂಡಿಲ್ಲ.

‘ಕೋಸ್ಪಾನ್ಸರ್ಸ್’ ಟ್ಯಾಬ್ ಬಗ್ಗೆ ಜನಕ್ಕೆ ಬಹಳ ಮೋಹ. ಬೆಂಬಲಿಸಿ ಹೆಸರು ಕೊಟ್ಟ ಸದಸ್ಯರ ಪಟ್ಟಿ ಅದು. 1044ಕ್ಕೆ 300ಕ್ಕೂ ಹೆಚ್ಚು ಜನ ಹೆಸರು ಕೊಟ್ಟಿದ್ದರು. ಏನಾಯ್ತು ಅಂತ ನೋಡಿದಿರಲ್ಲ.

ಆಮೇಲಿನ ಕಥೆ ಇನ್ನೂ ಪಾಠದ್ದು. ಇದೇ ಹೆಸರಿನ ಜೋಡಿ ಬಿಲ್ ಸೆನೆಟ್‌ನಲ್ಲಿ ಎಸ್. 386 ಅಂತ ಇತ್ತು. ‘ರಿಲೇಟೆಡ್ ಬಿಲ್ಸ್’ ಟ್ಯಾಬ್ ಒತ್ತಿದರೆ ಇಂಥ ಅಣ್ಣತಮ್ಮಂದಿರೆಲ್ಲ ಸಿಗುತ್ತಾರೆ. ಎಸ್. 386 ತಿದ್ದುಪಡಿ ಮೇಲೆ ತಿದ್ದುಪಡಿ ಕಂಡು, 2020ರ ಡಿಸೆಂಬರ್ 2ರಂದು ಸೆನೆಟ್‌ನಲ್ಲಿ ಪಾಸಾಯ್ತು. ‘ಅವತ್ತು ಯಾರು ಯಾವ ಕಡೆ ಮತ ಹಾಕಿದರು?’ ಅಂತ ಹುಡುಕಿದವರಿಗೆ ಏನೂ ಸಿಗಲಿಲ್ಲ, ಯಾಕೆಂದರೆ ಹೆಸರು ಕೂಗಿ ಮತ ಹಾಕಲೇ ಇಲ್ಲ. ‘ಯುನಾನಿಮಸ್ ಕನ್ಸೆಂಟ್’, ಅಂದರೆ ಯಾರೂ ಆಕ್ಷೇಪ ಎತ್ತಲಿಲ್ಲ, ಆಯ್ತು ಅಂದರು. ಅಂಥ ದಿನ ಸದನದಲ್ಲಿ ಏನು ಮಾತಾಯ್ತು ಅಂತ ಬೇಕಿದ್ದರೆ ಅದೇ ತಾಣದಲ್ಲಿ ಆ ತಾರೀಕಿನ ಕಾಂಗ್ರೆಷನಲ್ ರೆಕಾರ್ಡ್ ಓದಬೇಕು. ಹೆಸರು ಹಿಡಿದು ಮತ ಎಣಿಸಿದ್ದರೆ ಹೌಸ್‌ನದ್ದು ಕ್ಲರ್ಕ್ ಕಚೇರಿಯ ತಾಣದಲ್ಲಿ, ಸೆನೆಟ್‌ನದ್ದು ಸೆನೆಟ್ ತಾಣದಲ್ಲಿ ಇರುತ್ತದೆ.

ಅಂದರೆ ಒಂದೇ ಕಾಂಗ್ರೆಸ್ಸಿನಲ್ಲಿ ಹೌಸ್ ಒಂದು ಬಿಲ್ ಪಾಸು ಮಾಡಿತ್ತು, ಸೆನೆಟ್ ಇನ್ನೊಂದು ಬಿಲ್ ಪಾಸು ಮಾಡಿತ್ತು, ಹೆಸರೂ ಒಂದೇ. ಆದರೂ ಕಾನೂನಾಗಲಿಲ್ಲ. ಅಧ್ಯಕ್ಷರ ಮೇಜಿಗೆ ಹೋಗಬೇಕಾದರೆ ಎರಡು ಮನೆಯವರೂ ಒಂದೇ ನಂಬರಿನ ಬಿಲ್ಲನ್ನು ಅಕ್ಷರ ಅಕ್ಷರ ಒಂದೇ ಪಠ್ಯದಲ್ಲಿ ಒಪ್ಪಬೇಕು. ಇವೆರಡರ ಪಠ್ಯ ಬೇರೆ ಬೇರೆ. ಸೆನೆಟ್‌ನದ್ದರಲ್ಲಿ ಎಚ್-1ಬಿ ಬಗ್ಗೆ ಹೊಸ ಷರತ್ತುಗಳಿದ್ದವು. ಹೊಂದಿಸೋಕೆ ಉಳಿದಿದ್ದದ್ದು ಒಂದು ತಿಂಗಳು. 2021ರ ಜನವರಿ 3 ಬಂತು, ಎರಡೂ ಹೋದವು.

ಆ ಡಿಸೆಂಬರಿನಲ್ಲಿ ನಾನೇ ಮುಗ್ಗರಿಸಿದೆ. ಝೂಮ್‌ನಲ್ಲಿ ನಮ್ಮ ಕಡೆಯ ಒಂದು ಕನ್ನಡ ಗುಂಪಿಗೆ ಬಿಲ್ ವಿವರಿಸ್ತಿದ್ದೆ. ಅರ್ಧ ಗಂಟೆ ಆದ ಮೇಲೆ ಒಬ್ಬ ಹುಡುಗ ‘ಮೇಡಂ, ನೀವು ಯಾವ ವರ್ಷನ್ ಓದ್ತಿದ್ದೀರಿ? ನನ್ನ ಹತ್ತಿರ ಇರೋದರಲ್ಲಿ ಹೀಗಿಲ್ಲ’ ಅಂದ. ನೋಡಿದರೆ ನಾನು ತೆರೆದಿಟ್ಟುಕೊಂಡದ್ದು 2019ರಲ್ಲಿ ಮೊದಲ ದಿನ ತಂದ ಪಠ್ಯ. ಸೆನೆಟ್ ಒಪ್ಪಿದ್ದು ಅದಲ್ಲವೇ ಅಲ್ಲ. ಇಪ್ಪತ್ತು ವರ್ಷ ಕಾನೂನು ಲೈಬ್ರರಿಯಲ್ಲಿ ಕೂತವಳಿಗೆ ಇದು ಆಗಬಾರದಿತ್ತು, ಆಯ್ತು. ಅದಕ್ಕೇ ‘ಟೆಕ್ಸ್ಟ್’ ಟ್ಯಾಬ್‌ಗೆ ಹೋದರೆ ಅಲ್ಲಿರುವ ವರ್ಷನ್ ಪಟ್ಟಿಯನ್ನು ಮೊದಲು ನೋಡಿ. ಇಂಟ್ರೊಡ್ಯೂಸ್ಡ್ ಅಂದರೆ ತಂದ ದಿನದ್ದು. ರಿಪೋರ್ಟೆಡ್ ಅಂದರೆ ಸಮಿತಿ ತಿದ್ದಿದ್ದು. ಎಂಗ್ರೋಸ್ಡ್ ಅಂದರೆ ಒಂದು ಮನೆ ಒಪ್ಪಿದ್ದು. ಎನ್‌ರೋಲ್ಡ್ ಅಂದರೆ ಎರಡೂ ಮನೆ ಒಪ್ಪಿ ಸಹಿಗೆ ಹೊರಟದ್ದು. ‘ಸಮರಿ’ಯನ್ನು ನಂಬುವಾಗಲೂ ಅದು ಯಾವ ವರ್ಷನ್ನಿನ ಸಾರಾಂಶ ಅಂತ ನೋಡಿ. ಕಾಂಗ್ರೆಸ್ಸಿನ ಸಂಶೋಧನಾ ವಿಭಾಗದವರು ಬರೆಯುವ ಆ ಸಾರಾಂಶ ಚೆನ್ನಾಗಿರುತ್ತದೆ, ಆದರೆ ತಡವಾಗಿ ಬರುತ್ತದೆ. ಬಿಲ್ಲಿನ ಪಠ್ಯ ಕೂಡ ತಂದ ದಿನವೇ ತಾಣದಲ್ಲಿ ಇರುತ್ತದೆ ಅಂತೇನಿಲ್ಲ. ‘ಟೆಕ್ಸ್ಟ್ ಬಂದಿಲ್ಲ, ಮುಚ್ಚಿಡ್ತಿದ್ದಾರೆ’ ಅಂತ ಗುಂಪಿನಲ್ಲಿ ಯಾರಾದರೂ ಅಂದರೆ ಸುಮ್ನೆ ಎರಡು ದಿನ ಕಾಯಿರಿ.

ಹೆಸರು ನಂಬಿ ಹುಡುಕಬೇಡಿ ಅಂತಲೂ ಹೇಳಬೇಕು. ಒಬಾಮಾಕೇರ್ ಅಂತ ಕರೆಯುವ ಆರೋಗ್ಯ ವಿಮೆ ಕಾನೂನು ಪಾಸಾಗಿದ್ದು ಎಚ್.ಆರ್. 3590 ಅನ್ನುವ ನಂಬರಿನಲ್ಲಿ. 2009ರಲ್ಲಿ ಆ ಬಿಲ್ ಹೌಸ್‌ನಿಂದ ಹೊರಟಾಗ ಅದು ಸೈನಿಕರ ಮನೆ ಖರೀದಿಗೆ ತೆರಿಗೆ ರಿಯಾಯಿತಿ ಕೊಡುವ ಬಿಲ್. ಸೆನೆಟ್‌ನವರು ಒಳಗಿದ್ದದ್ದನ್ನೆಲ್ಲ ತೆಗೆದು ಆರೋಗ್ಯ ಕಾನೂನು ತುಂಬಿಸಿದರು. ಚೀಲ ಅದೇ, ಅಕ್ಕಿ ಹೋಗಿ ರಾಗಿ ಬಂತು. ನಮಗೆ ಹತ್ತಿರದ ಉದಾಹರಣೆ ಬೇಕಾ? ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಎಚ್-1ಬಿಯಲ್ಲಿ 20,000 ಹೆಚ್ಚುವರಿ ಇದೆಯಲ್ಲ, ಅದು ಬಂದದ್ದು 2004ರ ಡಿಸೆಂಬರಿನ ಬಜೆಟ್ ಕಾನೂನಿನ ಹೊಟ್ಟೆಯೊಳಗೆ. ಅರ್ಧಕ್ಕಿಂತ ಜಾಸ್ತಿ ನೌಕರರು ಎಚ್-1ಬಿ ಅಥವಾ ಎಲ್-1 (ಕಂಪನಿಯೊಳಗಿನ ವರ್ಗಾವಣೆಯ ವೀಸಾ)ನಲ್ಲಿರುವ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರ ಕಂಪನಿಗಳಿಗೆ ಒಂದೊಂದು ಎಚ್-1ಬಿ ಅರ್ಜಿಗೆ 4,000 ಡಾಲರ್ ಹೆಚ್ಚುವರಿ ಶುಲ್ಕ ಹಾಕಿದ್ದೂ ಹೀಗೇ, 2015ರ ಡಿಸೆಂಬರ್ 18ರಂದು ಸಹಿಯಾದ ದೊಡ್ಡ ಬಜೆಟ್ ಕಾನೂನಿನಲ್ಲಿ. ಬೆಂಗಳೂರಿನ ಐಟಿ ಕಂಪನಿಗಳಿಗೆ ನೇರ ಹೊಡೆತ. ‘ಇಮಿಗ್ರೇಷನ್’ ಅನ್ನುವ ಪದ ಶೀರ್ಷಿಕೆಯಲ್ಲಿ ಹುಡುಕುತ್ತಾ ಕೂತಿದ್ದವರಿಗೆ ಇವು ಕಾಣುತ್ತಲೇ ಇರಲಿಲ್ಲ. ಡಿಸೆಂಬರಿನಲ್ಲಿ ಬರುವ ಸಾವಿರಾರು ಪುಟದ ಖರ್ಚುವೆಚ್ಚದ ಬಿಲ್ಲನ್ನು ನಾನು ಯಾವಾಗಲೂ ಅನುಮಾನದಿಂದಲೇ ತೆರೆಯೋದು.

ಹಾಗಾದರೆ ಏನು ಹಿಡಿದು ಹುಡುಕಬೇಕು? ಕಲಂ ಸಂಖ್ಯೆ. ಬಿಲ್ಲಿನ ಹೆಸರು ಬಣ್ಣ ಬದಲಿಸುತ್ತದೆ, ತಿದ್ದಬೇಕಾದ ಕಲಂ ಬದಲಾಗಲ್ಲ. ಶೇ 7ರ ಮಿತಿ ಇರೋದು ವಲಸೆ ಕಾಯ್ದೆಯ 202(ಎ)(2)ರಲ್ಲಿ. ಅದೇ ಮಾತು ಯು.ಎಸ್. ಕೋಡ್ ಅನ್ನುವ ಕಾನೂನು ಸಂಗ್ರಹದ 8ನೇ ಶೀರ್ಷಿಕೆಯಲ್ಲಿ 1152ನೇ ಕಲಂ. ಎರಡು ನಂಬರ್ ಯಾಕೆ ಅಂದರೆ, 8ನೇ ಶೀರ್ಷಿಕೆಯನ್ನು ಕಾಂಗ್ರೆಸ್ ಅದೇ ರೂಪದಲ್ಲಿ ಕಾನೂನಾಗಿ ಅಂಗೀಕರಿಸಿಲ್ಲ. ಅದು ಓದುವವರ ಅನುಕೂಲಕ್ಕೆ ಜೋಡಿಸಿದ್ದು. ಹಾಗಾಗಿ ಬಿಲ್ಲುಗಳು ತಿದ್ದೋದು ಮೂಲ ಕಾಯ್ದೆಯ 202ನ್ನು, ಪಕ್ಕದಲ್ಲಿ 1152 ಅಂತ ಬರೆದಿರುತ್ತಾರೆ. ಹುಡುಕುವ ಪೆಟ್ಟಿಗೆಯಲ್ಲಿ ಉದ್ಧರಣ ಚಿಹ್ನೆಯೊಳಗೆ ಆ ಕಲಂ ಹಾಕಿ, ಬಿಲ್ಲಿನ ಪಠ್ಯದಲ್ಲೇ ಹುಡುಕಿಸಿ. ಯಾವ ಬಜೆಟ್ಟಿನ ಎಷ್ಟನೇ ಪುಟದಲ್ಲಿ ಅಡಗಿದ್ದರೂ ಸಿಕ್ಕಿಬೀಳುತ್ತದೆ. ಇದಕ್ಕೂ ಸುಲಭದ ದಾರಿ ಬೇಕಿದ್ದರೆ ಎಡಗಡೆಯ ಫಿಲ್ಟರುಗಳಲ್ಲಿ ವಿಷಯ ಇಮಿಗ್ರೇಷನ್, ಈಗಿನ ಕಾಂಗ್ರೆಸ್, ಸ್ಥಿತಿ ‘ಪಾಸ್ಡ್ ಒನ್ ಚೇಂಬರ್’ ಅಂತ ಆರಿಸಿ. ನೂರಾರು ಬಿಲ್ ಇದ್ದದ್ದು ಬೆರಳೆಣಿಕೆಗೆ ಇಳಿಯುತ್ತದೆ. ನಿಜವಾಗಿ ಗಮನ ಕೊಡಬೇಕಾದದ್ದು ಅಷ್ಟೇ.

ವಾರದ ಕೆಲಸಕ್ಕೆ ಹೌಸ್‌ನವರದ್ದೇ ಇನ್ನೊಂದು ತಾಣ ಇದೆ, ಡಾಕ್ಸ್ ಡಾಟ್ ಹೌಸ್ ಡಾಟ್ ಗವ್. ಈ ವಾರ ಸದನಕ್ಕೆ ಬರುವ ಬಿಲ್ಲುಗಳ ಪಟ್ಟಿ ಅಲ್ಲಿರುತ್ತದೆ. ಪಟ್ಟಿಯಲ್ಲಿ ಬಂತು ಅಂದರೆ ಮತ ಬಿತ್ತು ಅಂತಲ್ಲ. 2022ರ ಡಿಸೆಂಬರಿನಲ್ಲಿ ಇದೇ ಮಿತಿ ತೆಗೆಯುವ ಈಗಲ್ ಆ್ಯಕ್ಟ್, ಎಚ್.ಆರ್. 3648, ಕಾರ್ಯಸೂಚಿಗೆ ಬಂದು ಮತಕ್ಕೆ ಬರದೆ ಹೋಯ್ತು.

ಇನ್ನು ಬಹಳ ಜನ ಎಡವುವ ಕಡೆ. ನಿಮ್ಮ ಬದುಕನ್ನು ರಾತ್ರೋರಾತ್ರಿ ತಲೆಕೆಳಗು ಮಾಡುವಂಥದ್ದು ಎಷ್ಟೋ ಸಲ ಬಿಲ್ಲೇ ಆಗಿರಲ್ಲ. ಎಚ್-1ಬಿಯವರ ಜೊತೆ ಎಚ್-4 ವೀಸಾದಲ್ಲಿರುವ ಸಂಗಾತಿಗಳಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಸಿಕ್ಕಿದ್ದು 2015ರ ಮೇ 26ರಿಂದ ಜಾರಿಗೆ ಬಂದ ಇಲಾಖೆಯ ನಿಯಮದಿಂದ. ಅದನ್ನು ತೆಗೆಯುತ್ತಾರೆ ಅಂತ ಸುದ್ದಿಯಾದಾಗ ‘ಕಾಂಗ್ರೆಸ್ ಡಾಟ್ ಗವ್‌ನಲ್ಲಿ ಎಷ್ಟು ಹುಡುಕಿದರೂ ಸಿಗ್ತಿಲ್ಲ’ ಅಂತ ನನಗೆ ಬಂದ ಫೋನುಗಳಿಗೆ ಲೆಕ್ಕವಿಲ್ಲ. ಹೇಗೆ ಸಿಗಬೇಕು? ಅದು ಅಲ್ಲಿ ಇಲ್ಲವೇ ಇಲ್ಲ. ಇಲಾಖೆಗಳು ಮುಂದೆ ಯಾವ ನಿಯಮ ತರುವ ಯೋಚನೆಯಲ್ಲಿವೆ ಅನ್ನೋದು ವರ್ಷಕ್ಕೆರಡು ಸಲ ಬರುವ ಯೂನಿಫೈಡ್ ಅಜೆಂಡಾದಲ್ಲಿರುತ್ತದೆ. ಎಚ್-4 ಪರವಾನಗಿ ತೆಗೆಯುವ ಪ್ರಸ್ತಾಪ ವರ್ಷಗಟ್ಟಲೆ ಅಲ್ಲಿ ಕೂತಿದ್ದು, 2021ರ ಜನವರಿಯಲ್ಲಿ ವಾಪಸಾಯ್ತು.

2025ರ ಸೆಪ್ಟೆಂಬರ್ 19 ನೆನಪಿದೆಯಲ್ವಾ? ಶುಕ್ರವಾರ ಸಂಜೆ, ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಅನ್ನುವ ಸುದ್ದಿ. ಭಾನುವಾರ ಬೆಳಗಾಗುವಷ್ಟರಲ್ಲಿ ಜಾರಿ. ರಜೆಗೆ ಊರಿಗೆ ಹೋದವರು ಹೊಸ ಟಿಕೆಟ್ ತೆಗೆದು ಓಡಿಬಂದರು. ಅದು ಅಧ್ಯಕ್ಷರ ಘೋಷಣೆ, ಅದಕ್ಕೆ ಹೌಸೂ ಬೇಕಿಲ್ಲ, ಸೆನೆಟ್ಟೂ ಬೇಕಿಲ್ಲ. ಇಂಥ ಘೋಷಣೆ, ಆದೇಶ, ಇಲಾಖೆಯ ಕರಡು ನಿಯಮ, ಅಂತಿಮ ನಿಯಮ ಎಲ್ಲ ಅಚ್ಚಾಗೋದು ಫೆಡರಲ್ ರಿಜಿಸ್ಟರ್ ಅನ್ನುವ ಗೆಜೆಟ್ಟಿನಲ್ಲಿ. ಕೆಲಸದ ದಿನಗಳಲ್ಲಿ ದಿನಾ ಬರುತ್ತದೆ. ಅದರ ತಾಣದಲ್ಲಿ ‘ಪಬ್ಲಿಕ್ ಇನ್‌ಸ್ಪೆಕ್ಷನ್’ ಅಂತ ಒಂದು ಮೂಲೆ ಇದೆ, ನಾಳೆ ಅಚ್ಚಾಗುವುದರಲ್ಲಿ ಬಹಳಷ್ಟು ಅಲ್ಲಿ ಇವತ್ತೇ ಸಿಗುತ್ತದೆ. ಕರಡು ನಿಯಮಕ್ಕೆ ಸಾಮಾನ್ಯವಾಗಿ ಸಾರ್ವಜನಿಕರಿಂದ ಅಭಿಪ್ರಾಯ ಕೇಳುತ್ತಾರೆ. ರೆಗ್ಯುಲೇಷನ್ಸ್ ಡಾಟ್ ಗವ್‌ನಲ್ಲಿ ನೀವೂ ಬರೆಯಬಹುದು, ಪೌರತ್ವ ಇರಲೇಬೇಕು ಅಂತಿಲ್ಲ.

ಇಷ್ಟೆಲ್ಲ ದಿನಾ ನೋಡೋಕೆ ನಿಮಗೆ ಪುರುಸೊತ್ತಿಲ್ಲ ಅಂತ ಗೊತ್ತು. ಕಾಂಗ್ರೆಸ್ ಡಾಟ್ ಗವ್‌ನಲ್ಲಿ ಉಚಿತ ಖಾತೆ ತೆರೆದು ‘ಗೆಟ್ ಅಲರ್ಟ್ಸ್’ ಒತ್ತಿ. ಆ ಬಿಲ್ಲಿಗೆ ಏನಾದರೂ ಆದರೆ ಮೇಲ್ ಬರುತ್ತದೆ. ನಾನಾದರೆ ಬಿಲ್ಲಿಗಿಂತ ಮೇಲೆ ಹೇಳಿದ ಕಲಂ ಹುಡುಕಾಟವನ್ನೇ ಸೇವ್ ಮಾಡಿ ಅದಕ್ಕೆ ಅಲರ್ಟ್ ಹಾಕುತ್ತೇನೆ. ಒಂದು ಬಿಲ್ ಸತ್ತರೆ ಅದರ ಅಲರ್ಟೂ ಸತ್ತ ಹಾಗೆ. ಹುಡುಕಾಟ ಹಾಗಲ್ಲ. ಆದರೆ ಸೇವ್ ಮಾಡುವಾಗ ಒಂದೇ ಕಾಂಗ್ರೆಸ್ಸಿಗೆ ಕಟ್ಟಿಹಾಕಬೇಡಿ. ಫೆಡರಲ್ ರಿಜಿಸ್ಟರಿಗೂ ಇದೇ ಥರ ಚಂದಾದಾರರಾಗಬಹುದು. ನೀವು ಸಾಫ್ಟ್‌ವೇರಿನವರಾದರೆ ಕಾಂಗ್ರೆಸ್ ಡಾಟ್ ಗವ್‌ಗೆ ಎಪಿಐ ಕೂಡ ಇದೆ, ಕೀ ಪುಕ್ಕಟೆ. ವಾರಾಂತ್ಯದಲ್ಲಿ ಕೂತು ಗುಂಪಿಗೊಂದು ಬಾಟ್ ಬರೆದುಬಿಡಿ.

ಅಮ್ಮನಿಗಾಗಿ ಇನ್ನೊಂದು ಪುಟ ಗುರುತು ಹಾಕಿಟ್ಟುಕೊಳ್ಳಿ. ಯು.ಎಸ್. ಕೋಡ್ ಡಾಟ್ ಹೌಸ್ ಡಾಟ್ ಗವ್‌ಗೆ ಹೋಗಿ 8ನೇ ಶೀರ್ಷಿಕೆ, 1152ನೇ ಕಲಂ ತೆರೆಯಿರಿ. (ಎ)(2)ರಲ್ಲಿ ‘7 ಪರ್ಸೆಂಟ್’ ಅಂತ ಇನ್ನೂ ಇದೆಯಾ ನೋಡಿ. ಪುಟದಲ್ಲಿ ಎಷ್ಟನೇ ಪಬ್ಲಿಕ್ ಲಾವರೆಗೆ ತಿದ್ದಿದ್ದಾರೆ ಅಂತ ತಾರೀಕಿನ ಜೊತೆ ಬರೆದಿರುತ್ತಾರೆ. 114–113 ಅಂತಿದ್ದರೆ 114ನೇ ಕಾಂಗ್ರೆಸ್ಸಿನ 113ನೇ ಕಾನೂನು. ಆ ತಾರೀಕಿನ ನಂತರ ಸಹಿಯಾದವು ಯಾವುವು ಅಂತ ಕಾಂಗ್ರೆಸ್ ಡಾಟ್ ಗವ್‌ನ ‘ಪಬ್ಲಿಕ್ ಲಾಸ್’ ಪಟ್ಟಿಯಲ್ಲಿ ಕಣ್ಣಾಡಿಸಿ. ಎರಡೂ ಸೇರಿ ಐದು ನಿಮಿಷದ ಕೆಲಸ. ಅಮ್ಮ ಫೋನ್ ಇಡುವಷ್ಟರಲ್ಲಿ ಉತ್ತರ ಹೇಳಬಹುದು.